ಮಾಂಗಾ ಹುಡುಗಿಯರಿಗೆ ಅಷ್ಟು ದೊಡ್ಡ ಕಣ್ಣು ಏಕೆ?

ಪ್ರಶ್ನೆ: ಜಪಾನಿನ ಚಿತ್ರಕಥೆಗಳಾದ ಮಾಂಗಾದಲ್ಲಿ ಹುಡುಗಿಯರ ಕಣ್ಣು ಅಷ್ಟು ದೊಡ್ಡದೇಕೆ? ಜಪಾನೀಯರಿಗೆ ಪಾಶ್ಚಾತ್ಯರಂತೆ ಕಾಣುವ ಆಸೆಯೇ?

ಉತ್ತರ: ಅಲ್ಲ. ಎಷ್ಟು ಸಲ ಬರೆದರೂ ಅದೇ ಕಥೆ ಮತ್ತೆ ಎದ್ದು ಬರುತ್ತದೆ: ಜಪಾನ್ ಎರಡನೇ ಮಹಾಯುದ್ಧದಲ್ಲಿ ಸೋತಿತು, ಅಮೆರಿಕನ್ನರು ಬಂದರು, ಮಾಂಗಾ ಕಲಾವಿದ ತೆಜುಕಾ ಒಸಾಮು ಡಿಸ್ನಿಯ ಕಣ್ಣುಗಳನ್ನು ಎತ್ತಿಕೊಂಡರು. ತೆಜುಕಾ ಡಿಸ್ನಿಯನ್ನು ಮೆಚ್ಚಿದ್ದು ನಿಜ. ಆದರೆ ದಯವಿಟ್ಟು ಇಸವಿಗಳನ್ನು ನೋಡಿ. ಚಿತ್ರಕಾರ ನಕಹಾರಾ ಜುನಿಚಿ 'ಶೋಜೋ ನೊ ತೊಮೊ' ಎಂಬ ಬಾಲಕಿಯರ ಮಾಸಪತ್ರಿಕೆಗೆ ಮುಖಪುಟದ ಚಿತ್ರ ಬರೆಯತೊಡಗಿದ್ದು 1935ರಲ್ಲಿ. ತೆಜುಕಾ ಆಗಿನ್ನೂ ಪುಟ್ಟ ಬಾಲಕ. ನಕಹಾರಾ ಬರೆದ ಹುಡುಗಿಯರಿಗೆ ಆಗಲೇ ಅಗಲವಾದ ಕಣ್ಣು, ನೀಳ ರೆಪ್ಪೆ, ಪುಟ್ಟ ಬಾಯಿ, ಸಪೂರ ಮೈ. ಅವರಿಗೂ ಮೊದಲು ಚಿತ್ರಕಾರ ತಕೆಹಿಸಾ ಯುಮೆಜಿ ವಿಷಾದ ತುಂಬಿದ ಕಣ್ಣಿನ ಹೆಂಗಸರನ್ನು ಬರೆದು ಹೆಸರಾಗಿದ್ದರು. ಇವರ ಮೇಲೆ ಯುರೋಪಿನ ಚಿತ್ರಕಲೆಯ ಪ್ರಭಾವ ಇತ್ತು. ಆದರೆ ಪ್ರಭಾವಕ್ಕೆ ಒಳಗಾಗುವುದು ಬೇರೆ, ತನ್ನ ಮುಖಕ್ಕೆ ನಾಚುವುದು ಬೇರೆ. 1940ರಲ್ಲಿ ಸೇನಾಧಿಕಾರಿಗಳಿಗೆ ನಕಹಾರಾ ಅವರ ನಾಜೂಕು ಹುಡುಗಿಯರು ಯುದ್ಧಕಾಲಕ್ಕೆ ಒಗ್ಗದವರಾಗಿ ಕಂಡರು. ನಕಹಾರಾ ಆ ಪತ್ರಿಕೆಯನ್ನು ಬಿಡಬೇಕಾಯಿತು. ಈ ಕಣ್ಣುಗಳು ಸೋಲಿನ ನಂತರ ಹುಟ್ಟಿದ್ದರೆ, ಸೋಲಿಗೆ ಐದು ವರ್ಷ ಮೊದಲೇ ಸೇನೆ ಮುನಿಸಿಕೊಂಡದ್ದು ಯಾವುದರ ಮೇಲೆ?

ದೊಡ್ಡ ಕಣ್ಣಿಗೆ ಕಾರಣ ಶಾಲೆಯಲ್ಲಿದೆ. ಬಾಲಕಿಯರ ಪ್ರೌಢಶಾಲೆಗಳ ಬಗ್ಗೆ 1899ರಲ್ಲಿ ಬಂದ ಸರ್ಕಾರಿ ಆದೇಶದ ನಂತರ ಅವು ಹೆಚ್ಚಿದವು. ಅಲ್ಲಿನ ಗುರಿ ಒಳ್ಳೆಯ ಹೆಂಡತಿ, ವಿವೇಕಿ ತಾಯಿ. ಬಾಲ್ಯಕ್ಕೂ ಮದುವೆಗೂ ನಡುವೆ ಸಿಕ್ಕ ಆ ಕೆಲವೇ ವರ್ಷಗಳಲ್ಲಿ ಹುಡುಗಿಯರು ಓದುತ್ತಿದ್ದ ಪತ್ರಿಕೆಗಳು ಹೆಂಡತಿಯೂ ಅಲ್ಲದ, ತಾಯಿಯೂ ಅಲ್ಲದ ಒಬ್ಬಳನ್ನು ತೋರಿಸಿದವು. ಅವಳಿಗೆ ಮೈಯೇ ಇಲ್ಲವೆನ್ನುವಷ್ಟು ಕಡಿಮೆ. ಇರುವುದೆಲ್ಲ ಮನಸ್ಸು, ಅದು ಕಣ್ಣಿನಲ್ಲಿ ಕಾಣಬೇಕು. ಅದು ಬಿಡುಗಡೆಯೂ ಹೌದು, ಬೇಲಿಯೂ ಹೌದು. ಬೆಳ್ಳಗಿನ, ತೆಳ್ಳಗಿನ, ಹೊಲದ ಕೆಲಸ ಕಾಣದ ಆ ಹುಡುಗಿಯನ್ನು ರೂಪಿಸಿದವರಲ್ಲಿ ಹೆಚ್ಚಿನವರು ಗಂಡಸರೇ ಎಂಬುದನ್ನು ನಾನು ಮರೆಯಲಾರೆ.

ಹಾಗಾದರೆ ಹುಡುಗಿಯರ ಮಾಂಗಾದ ಗಂಡಸರೂ ಏಕೆ ಅಷ್ಟು ಚೆಲುವೆಯರಂತೆ? ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕು. ತೆಜುಕಾ ಬೆಳೆದದ್ದು ತಕರಾಜುಕಾ ಪಟ್ಟಣದಲ್ಲಿ. ಅಲ್ಲಿ 1914ರಿಂದಲೂ ಹೆಂಗಸರೇ ಗಂಡಸಿನ ಪಾತ್ರವನ್ನೂ ಆಡುವ ರಂಗತಂಡವಿದೆ. ಉತ್ತರ ಆ ರಂಗದಲ್ಲಿದೆ. 1953ರಲ್ಲಿ ತೆಜುಕಾ ಆರಂಭಿಸಿದ 'ರಿಬೊನ್ ನೊ ಕಿಶಿ' ಎಂಬ ಮಾಂಗಾದ ರಾಜಕುಮಾರಿ ಗಂಡುಡುಗೆ ತೊಟ್ಟು ಕತ್ತಿ ಹಿಡಿಯುತ್ತಾಳೆ. 1972ರಲ್ಲಿ ಇಕೆದಾ ರಿಯೊಕೊ, ಒಬ್ಬ ಮಹಿಳೆ, ತಮ್ಮ ಮಾಂಗಾದಲ್ಲಿ ಗಂಡಿನಂತೆ ಬೆಳೆದ ಸೇನಾನಿ ಆಸ್ಕರ್‌ಳನ್ನು ಬರೆದರು. ಎರಡು ವರ್ಷದಲ್ಲಿ ಅದೇ ತಂಡ ಅವಳನ್ನು ರಂಗಕ್ಕೆ ತಂದಿತು.