ಹಳೆ ಜಿಯಾನ್ ಓವರ್‌ಕ್ಲಾಕ್ ಮಾಡಿದರೆ ಗೇಮಿಂಗ್‌ಗೆ ಸಾಕಾಗುತ್ತಾ?

ಪ್ರಶ್ನೆ: ವರ್ಕ್‌ಸ್ಟೇಷನ್‌ನಿಂದ ಬಿಚ್ಚಿದ ಇಂಟೆಲ್ ಪ್ರೊಸೆಸರ್ ಜಿಯಾನ್ ಇ5-1650 ವಿ2 ಕಡಿಮೆ ಬೆಲೆಗೆ ಸಿಗುತ್ತಿದೆ. ಇ5-2670 ಇನ್ನೂ ಅಗ್ಗ. ಓವರ್‌ಕ್ಲಾಕ್ ಮಾಡಿ (ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸಿ) ಗೇಮಿಂಗ್ ಪಿಸಿ ಕಟ್ಟಲು ಯಾವುದು ತಗೊಳ್ಳಲಿ? (ಮಂಡ್ಯದ ಓದುಗರು)

ಉತ್ತರ: 1650 ವಿ2 ತಗೊಳ್ಳಿ. 2670ರಲ್ಲಿ 8 ಕೋರ್ ಇದೆ ಅಂತ ಆಸೆಪಡಬೇಡಿ. ಅದರ ಮಲ್ಟಿಪ್ಲೈಯರ್‌ಗೆ (ಬೇಸ್ ಕ್ಲಾಕನ್ನು ಎಷ್ಟರಿಂದ ಗುಣಿಸಿದರೆ ಚಿಪ್‌ನ ವೇಗ ಬರುತ್ತದೋ ಆ ಸಂಖ್ಯೆಗೆ) ಬೀಗ ಬಿದ್ದಿದೆ, 3.3 ಗಿಗಾಹರ್ಟ್ಸ್ ಟರ್ಬೊ ದಾಟಲ್ಲ. ಬೇಸ್ ಕ್ಲಾಕ್ 100ರಿಂದ ನಾಲ್ಕೈದು ಮೆಗಾಹರ್ಟ್ಸ್ ಮೇಲೆ ಹೋದರೆ ಗ್ರಾಫಿಕ್ಸ್ ಕಾರ್ಡ್ ಕೂರುವ ಪಿಸಿಐಇ, ಡಿಸ್ಕ್ ಜೋಡಿಸುವ ಸಾಟಾ ಎರಡೂ ತಕರಾರು ಶುರುಮಾಡುತ್ತವೆ. 1650 ವಿ2ರಲ್ಲಿ 6 ಕೋರ್, 12 ಥ್ರೆಡ್ ಇದ್ದು, ಮಲ್ಟಿಪ್ಲೈಯರ್ ಮುಕ್ತವಾಗಿದೆ. ಹೆಚ್ಚಿನ ಗೇಮ್‌ಗಳಿಗೆ ಕೋರ್‌ಗಳ ಲೆಕ್ಕಕ್ಕಿಂತ ಒಂದೊಂದು ಕೋರಿನ ವೇಗವೇ ಮುಖ್ಯ.

ಮದರ್‌ಬೋರ್ಡ್ ವಿಷಯದಲ್ಲಿ ಎಡವುವವರು ಬಹಳ. ಕಂಪನಿ ವರ್ಕ್‌ಸ್ಟೇಷನ್‌ಗಳ ಬಯೋಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳ ತಂತ್ರಾಂಶದಲ್ಲಿ) ಸಾಮಾನ್ಯವಾಗಿ ಮಲ್ಟಿಪ್ಲೈಯರ್ ಬದಲಿಸುವ ಜಾಗವೇ ಇರುವುದಿಲ್ಲ. ಬಿಡಿಯಾಗಿ ಮಾರಾಟವಾದ, ಈ ಚಿಪ್ ಕೂರುವ ಎಕ್ಸ್79 ಚಿಪ್‌ಸೆಟ್‌ನ ಬೋರ್ಡ್ ಹುಡುಕಿ. ಅದರ ಬಯೋಸ್ ಹಳೆಯದಾದರೆ ವಿ2 ಚಿಪ್ ಹಾಕಿದಾಗ ಸ್ಕ್ರೀನ್ ಕಪ್ಪಗೇ ಉಳಿಯುತ್ತದೆ. ಕೊಳ್ಳುವ ಮುನ್ನವೇ ಅಪ್‌ಡೇಟ್ ಆಗಿದೆಯೇ ಕೇಳಿ.

ಚಿಪ್ ಮೇಲೆ ಒಣಗಿದ ಸುಣ್ಣದಂತೆ ಅಂಟಿರುವ ಹಳೆ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಹಾಕಿ. 120 ಮಿಲಿಮೀಟರ್ ಫ್ಯಾನಿನ ಟವರ್ ಕೂಲರ್ ಬೇಕೇ ಬೇಕು.

ಮೊದಲು ಡಿಫಾಲ್ಟ್‌ನಲ್ಲೇ ಒಂದು ಗಂಟೆ ಓಡಿಸಿ ತಾಪಮಾನ ಬರೆದಿಟ್ಟುಕೊಳ್ಳಿ. ಆಮೇಲೆ ಎಲ್ಲ ಕೋರ್‌ಗಳ ಮಲ್ಟಿಪ್ಲೈಯರ್ 40 (ಅಂದರೆ 4 ಗಿಗಾಹರ್ಟ್ಸ್), ವೋಲ್ಟೇಜ್ 1.20 ಇಡಿ. ಚಿಪ್‌ಗೆ ಪೂರ್ತಿ ಹೊರೆ ಹಾಕುವ ಓಸಿಸಿಟಿ ಸಾಫ್ಟ್‌ವೇರ್‌ನಲ್ಲಿ ಅರ್ಧ ಗಂಟೆ ಪರೀಕ್ಷಿಸಿ. ಸರಿಯಿದ್ದರೆ 41, ಮತ್ತೆ ಪರೀಕ್ಷೆ, ನಂತರ 42. ನೀಲಿ ಸ್ಕ್ರೀನ್ ಬಂದರೆ ಅಥವಾ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ವಿಯಾ ಲಾಗರ್ (WHEA-Logger, ಹಾರ್ಡ್‌ವೇರ್ ದೋಷ ದಾಖಲಿಸುವ) ಎಚ್ಚರಿಕೆಗಳು ಕಂಡರೆ ವೋಲ್ಟೇಜ್ 0.02ರಷ್ಟು ಏರಿಸಿ. ಗೇಮ್ ಸುಮ್ಮನೆ ಓಡುತ್ತಿದೆ ಅಂತ ಆ ಎಚ್ಚರಿಕೆಯನ್ನು ಕಡೆಗಣಿಸಬೇಡಿ. 1.30 ಮುಟ್ಟಿದರೂ ಸ್ಥಿರವಾಗದಿದ್ದರೆ ಮಲ್ಟಿಪ್ಲೈಯರ್‌ನಲ್ಲಿ ಒಂದು ಹೆಜ್ಜೆ ಹಿಂದೆ ಬನ್ನಿ. ಶಾಖ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: 1.10ರಿಂದ 1.30ಕ್ಕೆ ಹೋದರೆ ವೇಗ ಅಷ್ಟೇ ಇದ್ದರೂ ಸುಮಾರು ಶೇ. 40 ಹೆಚ್ಚು. ಬೂಟ್ ಆಗದೇ ಹೋದರೆ ಗಾಬರಿ ಬೇಡ. ಪವರ್ ತೆಗೆದು ಸಿಮಾಸ್ ಬ್ಯಾಟರಿ ಐದು ನಿಮಿಷ ಬಿಚ್ಚಿಟ್ಟರೆ ಬಯೋಸ್ ಮೊದಲಿನ ಸ್ಥಿತಿಗೆ ಬರುತ್ತದೆ.

ಪರೀಕ್ಷೆಯಲ್ಲೂ ಕೋರ್ 80 ಡಿಗ್ರಿಯೊಳಗಿರಲಿ. ಪ್ರೊಸೆಸರ್ ತಣ್ಣಗಿದ್ದರೂ ವೇಗ ಆಗಾಗ ಕುಸಿಯುತ್ತಿದ್ದರೆ ಸಾಕೆಟ್ ಪಕ್ಕದ ವಿಆರ್‌ಎಂ (ಚಿಪ್‌ಗೆ ವೋಲ್ಟೇಜ್ ಹದಗೊಳಿಸಿ ಕೊಡುವ ಭಾಗ) ನೋಡಿ. ಅದರ ಹೀಟ್‌ಸಿಂಕ್‌ಗೆ ಸಣ್ಣ ಫ್ಯಾನ್ ಕೊಟ್ಟರೆ ತುಂಬಾ ವ್ಯತ್ಯಾಸವಾಗುತ್ತದೆ. ಕೋಣೆ 10 ಡಿಗ್ರಿ ಬಿಸಿಯಾದರೆ ಚಿಪ್ಪೂ ಹೆಚ್ಚು ಕಡಿಮೆ ಅಷ್ಟೇ ಬಿಸಿಯಾಗುತ್ತದೆ. ಹಾಗಾಗಿ ಡಿಸೆಂಬರ್ ರಾತ್ರಿ ಸ್ಥಿರವಾಗಿದ್ದ ಸೆಟ್ಟಿಂಗ್, ಮಂಡ್ಯದ ಏಪ್ರಿಲ್ ಮಧ್ಯಾಹ್ನ ಕೈಕೊಡಬಹುದು. ಬೇಸಿಗೆಗೆ 40ರ ಸೆಟ್ಟಿಂಗನ್ನೂ ಬಯೋಸ್ ಪ್ರೊಫೈಲ್‌ನಲ್ಲಿ ಉಳಿಸಿಡಿ.

ಕರೆಂಟ್ ಹೋಗಿಬರುವ ಕಡೆ ಯುಪಿಎಸ್ ಲೆಕ್ಕವನ್ನೂ ಮಾಡಿ. ಓವರ್‌ಕ್ಲಾಕ್ ಆದಾಗ ಚಿಪ್ 130 ವ್ಯಾಟ್ ದಾಟುತ್ತದೆ, ಗ್ರಾಫಿಕ್ಸ್‌ಗೆ ಆರ್‌ಎಕ್ಸ್ 580 ಹಾಕಿದರೆ ಆ ಕಾರ್ಡಿನದೇ 185. ಸಾಮಾನ್ಯವಾಗಿ 360 ವ್ಯಾಟ್ ಕೊಡುವ 600 ವಿಎ ಯುಪಿಎಸ್ ಇದನ್ನು ತಾಳಲ್ಲ.

ಇನ್ನೊಂದು ಮಾತು: ಈ ಚಿಪ್‌ನಲ್ಲಿ ಎವಿಎಕ್ಸ್2 (ಹೊಸ ಪ್ರೊಸೆಸರ್‌ಗಳಲ್ಲಿರುವ ಒಂದು ಸೂಚನಾ ಗುಂಪು) ಇಲ್ಲ. ಅದನ್ನು ಕೇಳುವ ಹೊಸ ಗೇಮ್ ಎಷ್ಟೇ ಓವರ್‌ಕ್ಲಾಕ್ ಮಾಡಿದರೂ ತೆರೆಯುವುದಿಲ್ಲ. ನೀವು ಆಡಬೇಕೆಂದಿರುವ ಗೇಮಿನ ಕನಿಷ್ಠ ಅಗತ್ಯಗಳನ್ನು ದುಡ್ಡು ಕೊಡುವ ಮೊದಲು ಓದಿ.