ಧಾರಣ ಸಾಮರ್ಥ್ಯ: ಗಂಜಿನ ಧಾರಣಿಯೂ ಅಲ್ಲ, ಬಸ್ಸಿನ ಸೀಟೂ ಅಲ್ಲ

ಜುಲೈ 11ರ ವಿಶ್ವ ಜನಸಂಖ್ಯಾ ದಿನ ಬಂತೆಂದರೆ ‘ಧಾರಣ ಸಾಮರ್ಥ್ಯ’ ಎಂಬ ಪದದ ಗ್ರಹಚಾರ ಕೆಡುತ್ತದೆ. ಒಂದು ನೆಲ ತಾನು ಸವೆಯದೆ ಎಷ್ಟು ಜೀವ ಸಾಕಬಲ್ಲದು ಎಂಬ ಲೆಕ್ಕ ಅದು. ‘ಯಾದಗಿರಿಯ ಧಾರಣ ಸಾಮರ್ಥ್ಯ ಮೀರಿದೆ’ ಎಂದು ಒಬ್ಬರು ಬರೆದರೆ, ‘ಕಲಬುರಗಿಯ ಧಾರಣ ಸಾಮರ್ಥ್ಯ ಚದರ ಕಿಲೋಮೀಟರಿಗೆ 234’ ಎಂದು ಇನ್ನೊಬ್ಬರು. ಎರಡನೆಯದು ಧಾರಣ ಸಾಮರ್ಥ್ಯವೇ ಅಲ್ಲ, 2011ರ ಜನಗಣತಿಯ ಜನಸಾಂದ್ರತೆ. ಮೊದಲನೆಯದು ಅರ್ಧ ವಾಕ್ಯ. ಯಾವುದರ ಸಾಮರ್ಥ್ಯ, ನೀರಿನದೋ ಮೇವಿನದೋ ಸೌದೆಯದೋ, ಹೇಳದಿದ್ದರೆ ಅದು ಬರೀ ಸದ್ದು.

ಪದದ ಬೇರು ಸಂಸ್ಕೃತದ ‘ಧೃ’ ಧಾತು. ಹಿಡಿ, ಹೊರು, ತಾಳು ಎಂಬೆಲ್ಲ ಅರ್ಥ ಅದಕ್ಕಿದೆ. ಧರಣಿ, ಧರ್ಮ, ಆಧಾರ ಅದರಿಂದಲೇ ಬಂದವು. ಗರ್ಭಧಾರಣೆಯೂ ಅದೇ ಮನೆಯದು, ಜನಸಂಖ್ಯೆಯ ಮಾತಿಗೆ ಇದು ಹೊಂದುವ ನೆಂಟಸ್ತಿಕೆಯೇ. ಇತ್ತ ಕಲಬುರಗಿಯ ನೆಹರು ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ‘ತೊಗರಿ ಧಾರಣಿ ಎಷ್ಟದರೀ?’ ಎಂದರೆ ಕ್ವಿಂಟಲಿನ ದರ. ಇವತ್ತಿದ್ದದ್ದು ನಾಳೆ ಇರುವುದಿಲ್ಲ. ಪರಿಭಾಷೆಗೂ ಗಂಜಿಗೂ ಸಂಬಂಧವಿಲ್ಲದಿದ್ದರೂ ಈ ಒಂದು ಗುಣ ಎರಡಕ್ಕೂ ಇದೆ: ನೆಲದ ಧಾರಣ ಸಾಮರ್ಥ್ಯವೂ ಮಳೆ ನೋಡಿಕೊಂಡು ಏರಿಳಿಯುತ್ತದೆ. ಅದನ್ನು ಕಲ್ಲಿನಲ್ಲಿ ಕೆತ್ತಿದ ಅಂಕಿಯೆಂದು ಬಗೆಯುವುದೇ ಮೊದಲ ತಪ್ಪು.

ಕನ್ನಡದ ಈ ಪದ ಇಂಗ್ಲಿಷಿನ ‘ಕ್ಯಾರಿಯಿಂಗ್ ಕೆಪಾಸಿಟಿ’ಯಿಂದ ಮಾಡಿಕೊಂಡ ಅನುವಾದ. ಆ ಇಂಗ್ಲಿಷ್ ಪದವನ್ನು 19ನೇ ಶತಮಾನದಲ್ಲಿ ಹಡಗುಗಳಿಗೆ ಬಳಸುತ್ತಿದ್ದರು: ಇಷ್ಟು ಸರಕು ಹೇರಬಹುದು, ಅದಕ್ಕಿಂತ ಹೆಚ್ಚಿಲ್ಲ ಎಂಬ ಲೆಕ್ಕ. ಆಮೇಲೆ ಹುಲ್ಲುಗಾವಲಿಗೆ, ಅಲ್ಲಿಂದ ಕಾಡುಪ್ರಾಣಿಗಳಿಗೆ, ಕೊನೆಗೆ ಮನುಷ್ಯರಿಗೆ ಬಂತು. ಊರು ಬದಲಿಸಿದರೂ ಹಡಗಿನ ವಾಸನೆ ಹೋಗಲಿಲ್ಲ. ಅದಕ್ಕೇ ಇವತ್ತಿಗೂ ಜನ ಇದನ್ನು ಬಸ್ಸಿನ ಸೀಟಿನಂತೆ ಎಣಿಸುತ್ತಾರೆ: ಐವತ್ತು ಸೀಟು, ಐವತ್ತೊಂದನೆಯವನು ಬಂದರೆ ಮೀರಿತು.

ಹಡಗಿಗಿಂತ ಗಂಜಿನ ಹಮಾಲರ ಕೆಲಸ ಇದನ್ನು ಚೆನ್ನಾಗಿ ತಿಳಿಸುತ್ತದೆ. ಗಟ್ಟಿ ಆಳು ಒಂದು ಕ್ವಿಂಟಲ್ ಮೂಟೆಯನ್ನು ಒಮ್ಮೆ ಎತ್ತಿಯಾನು. ಅದು ಎತ್ತುವ ತಾಕತ್ತು, ಅಷ್ಟೆ. 50 ಕಿಲೋದ ಚೀಲಗಳನ್ನು ದಿನಕ್ಕೆ ಎಷ್ಟು ಹೊತ್ತರೆ ಹತ್ತು ವರ್ಷದ ನಂತರವೂ ಬೆನ್ನು ನೆಟ್ಟಗಿದ್ದೀತು ಎಂಬುದು ಧಾರಣ ಸಾಮರ್ಥ್ಯ. ನೆಲದ ಮಾತಿನಲ್ಲಿ ಹೇಳುವುದಾದರೆ, ಮತ್ತೆ ಹುಟ್ಟಿಸಿಕೊಳ್ಳುವ ಶಕ್ತಿ ಕುಂದದಂತೆ ಅದು ವರ್ಷವರ್ಷವೂ ಎಷ್ಟು ಜೀವ ಸಾಕಬಲ್ಲದು ಎಂಬ ಲೆಕ್ಕ. ‘ತಾಳಿಕೆ’ ಎಂಬ ಅಚ್ಚಗನ್ನಡ ಪದವನ್ನೇ ಇದಕ್ಕೆ ಇಟ್ಟಿದ್ದರೆ ಅರ್ಧ ಗೊಂದಲ ತಪ್ಪುತ್ತಿತ್ತು.

ದನಗಳ ಲೆಕ್ಕ ಸುಲಭ. 250 ಕಿಲೋ ತೂಕದ ಹಸು ದಿನಕ್ಕೆ ತನ್ನ ತೂಕದ ಸುಮಾರು 2.5% ಒಣಮೇವು ತಿನ್ನುತ್ತದೆ, ಅಂದರೆ 6 ಕಿಲೋ ಚಿಲ್ಲರೆ, ವರ್ಷಕ್ಕೆ ಸುಮಾರು 2,280 ಕಿಲೋ. ಸವೆದ ಗಾಯರಾಣದ (ಊರ ಗೋಮಾಳದ) ಒಂದು ಹೆಕ್ಟೇರು ವರ್ಷಕ್ಕೆ 1,000 ಕಿಲೋ ಒಣಹುಲ್ಲು ಕೊಡುತ್ತದೆ ಎಂದಿಟ್ಟುಕೊಳ್ಳಿ. ಅಷ್ಟನ್ನೂ ಮೇಯಿಸುವಂತಿಲ್ಲ, ಬೇರು ಬದುಕಿ ಮತ್ತೆ ಚಿಗುರಲು ಅರ್ಧ ಬಿಡಬೇಕು. ಉಳಿದ 500 ಕಿಲೋ ಲೆಕ್ಕದಲ್ಲಿ ಒಂದು ಹಸುವಿಗೆ ನಾಲ್ಕೂವರೆ ಹೆಕ್ಟೇರು, ಹತ್ತಿರ ಹತ್ತಿರ 11 ಎಕರೆ ಬೇಕು. ಆ ಅರ್ಧವನ್ನು ಬಿಡುವುದು ಮರೆತರೆ ಮೊದಲ ವರ್ಷ ಎರಡರಷ್ಟು ದನ ಮೇಯುತ್ತವೆ, ಮೀರಿದ್ದು ಯಾರಿಗೂ ತಿಳಿಯುವುದಿಲ್ಲ. ಮೂರನೆಯ ವರ್ಷ ಹುಲ್ಲಿನ ಜಾಗದಲ್ಲಿ ಜಾಲಿ.

‘ಮೀರಿದ್ದರೆ ನಾವು ಬದುಕಿರುತ್ತಿದ್ದೆವೇ?’ ಎನ್ನುವವರಿಗೂ ಉತ್ತರ ಇದೇ. ಮೀರಬಹುದು, ಮೀರಿಯೂ ಬಹುಕಾಲ ಬದುಕಬಹುದು, ಅಸಲು ತಿನ್ನುತ್ತ. ಬಡ್ಡಿಗೂ ಅಸಲಿಗೂ ವ್ಯತ್ಯಾಸ ನೋಡಬೇಕಾದರೆ ಬೀದರಿನ ನೌಬಾದದಲ್ಲಿರುವ ಬಹಮನಿ ಕಾಲದ ಕರೇಜ್, ಅಂದರೆ ನೆಲದಡಿಯ ನೀರಿನ ಸುರಂಗ, ನೋಡಿ. ಮೇಲೆ ಕೆಂಪು ಜಂಬಿಟ್ಟಿಗೆ, ಕೆಳಗೆ ನೀರು ಬಿಡದ ಕರಿಕಲ್ಲು. ಇಂಗಿದ ಮಳೆ ಎರಡರ ನಡುವೆ ನಿಲ್ಲುತ್ತದೆ. ಸಣ್ಣ ಇಳಿಜಾರಿನ ಸುರಂಗ ಆ ನೀರನ್ನು ಪಂಪಿಲ್ಲದೆ ಹೊರಕ್ಕೆ ಹರಿಸುತ್ತದೆ. ಜಲಮಟ್ಟ ಸುರಂಗದ ತಳಕ್ಕಿಂತ ಕೆಳಗಿಳಿದರೆ ಹರಿವು ತಾನೇ ನಿಲ್ಲುತ್ತದೆ. ಕರೇಜಿನಿಂದ ಬಡ್ಡಿಯಷ್ಟೇ ಸಿಗುವುದು. ಬೋರ್‌ವೆಲ್ಲಿಗೆ ಆ ಕಡಿವಾಣವಿಲ್ಲ. ನೀರು ಇಳಿದಂತೆ ಇನ್ನಷ್ಟು ಪೈಪು ಇಳಿಸಿದರಾಯಿತು.

ಈಗ ಮನುಷ್ಯರ ಲೆಕ್ಕ. 10 ಚದರ ಕಿಲೋಮೀಟರಿನ, ಎಂದರೆ ಸುಮಾರು 2,470 ಎಕರೆಯ ಒಂದು ಹಳ್ಳಿ. ಮಳೆ 700 ಮಿಲಿಮೀಟರ್. ಒಂದು ಹೆಕ್ಟೇರಿನ ಮೇಲೆ ಬಿದ್ದ ಒಂದು ಮಿಲಿಮೀಟರ್ ಮಳೆ 10,000 ಲೀಟರು, ಹಾಗಾಗಿ ಒಟ್ಟು 700 ಕೋಟಿ ಲೀಟರ್. ಅದರಲ್ಲಿ 8% ಇಂಗಿತೆನ್ನಿ: 56 ಕೋಟಿ. ಜಲಜೀವನ್ ಮಿಷನ್ ಲೆಕ್ಕದ ದಿನಕ್ಕೆ 55 ಲೀಟರಿನಂತೆ ಒಬ್ಬರಿಗೆ ವರ್ಷಕ್ಕೆ ಸುಮಾರು 20,000 ಲೀಟರ್. ಅಲ್ಲಿಗೆ ಮನೆಬಳಕೆಯ ನೀರಷ್ಟನ್ನೇ ಹಿಡಿದರೆ ಈ ಹಳ್ಳಿ 28,000 ಜನರನ್ನು ತಾಳೀತು. ಕಲಬುರಗಿ ಜಿಲ್ಲೆಯ ಸಾಂದ್ರತೆಯಂತೆ ಅಲ್ಲಿರುವವರು 2,340 ಮಂದಿ.

ಹಾಗಾದರೆ ಬೇಸಿಗೆಯಲ್ಲಿ ಟ್ಯಾಂಕರ್ ಯಾಕೆ? ಕಬ್ಬು ಹಾಕಿ ನೋಡಿ. ಮಳೆ ಕಳೆದು ಎಕರೆಗೆ 1,200 ಮಿಲಿಮೀಟರ್ ನೀರು ಹಾಯಿಸಿದರೆ 48 ಲಕ್ಷ ಲೀಟರು ಮೀರುತ್ತದೆ. ಅಷ್ಟೂ 2,340 ಜನ ವರ್ಷವಿಡೀ ಬಳಸುವ ನೀರು ಹತ್ತು ಎಕರೆ ಕಬ್ಬಿಗೆ ಸಾಲದು. ಹಾಯಿಸಿದ್ದರಲ್ಲಿ ಒಂದಿಷ್ಟು ಮತ್ತೆ ಇಂಗುತ್ತದೆ, ಸರಿ. ಅದನ್ನು ಬಿಟ್ಟು ಎಣಿಸಿದರೆ 115 ಎಕರೆ ಕಬ್ಬು 28,000 ಜನರ ಪಾಲನ್ನು ಕುಡಿದು ಮುಗಿಸುತ್ತದೆ. ಊರಿನ ನೆಲದ 5% ಕೂಡ ಅಲ್ಲ. ತಲೆ ಎಣಿಸುವವರು ಬೆಳೆಯನ್ನೂ ಎಣಿಸಲಿ. ಇನ್ನು ಸರಾಸರಿ ಮಳೆ ಹಿಡಿದು ಲೆಕ್ಕ ಹಾಕುವುದು ಮತ್ತೊಂದು ಎಡವಟ್ಟು. ಮಳೆ 400ಕ್ಕೆ ಇಳಿದರೆ ಇಂಗುವುದು ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಇನ್ನೂ ಹೆಚ್ಚು ಕುಸಿಯುತ್ತದೆ. ಎರೆಮಣ್ಣು ಮೊದಲು ತಾನು ಕುಡಿದು ಉಳಿದದ್ದನ್ನಷ್ಟೇ ಕೆಳಕ್ಕೆ ಬಿಡುತ್ತದೆ. ಆದ್ದರಿಂದ ಲೆಕ್ಕ ಬರದ ವರ್ಷದ್ದಿರಬೇಕು.

ಸಾಂದ್ರತೆಯನ್ನು ಧಾರಣ ಸಾಮರ್ಥ್ಯವೆಂದು ಓದುವ ತಪ್ಪು ಹಳೆಯದು, ದೊಡ್ಡವರೂ ಮಾಡಿದ್ದು. ಸೂಕ್ಷ್ಮದರ್ಶಕದ ಲೇವನ್‌ಹುಕ್ 1679ರಲ್ಲಿ ಹಾಲೆಂಡಿನ 10 ಲಕ್ಷ ಜನರನ್ನು ಭೂಮಿಯ ವಾಸಯೋಗ್ಯ ನೆಲದ ಪಾಲಿಗೆ ಗುಣಿಸಿ, ಜಗತ್ತು ಸುಮಾರು 1,340 ಕೋಟಿ ಜನರನ್ನು ಹಿಡಿದೀತು ಎಂದ. ಆದರೆ ಆ ಹಾಲೆಂಡೇ ಬಾಲ್ಟಿಕ್ ಕಡೆಯ ಧಾನ್ಯ ತರಿಸಿ ಉಣ್ಣುತ್ತಿತ್ತು. ಬೆಂಗಳೂರು ನಗರ ಜಿಲ್ಲೆಯ ಸಾಂದ್ರತೆ 2011ರಲ್ಲಿ 4,381. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಬೇಳೆ ನಮ್ಮ ಕಡೆಯಿಂದ. ಯಾದಗಿರಿಯದು ಬರೀ 224, ಆದರೂ ಗುಳೆ ಹೋಗುವವರು ಇಲ್ಲಿಂದ ಅಲ್ಲಿಗೆ. ಸಾಂದ್ರತೆ ಹೇಳುವುದು ಜನ ಎಲ್ಲಿ ನಿಂತಿದ್ದಾರೆ ಎಂಬುದನ್ನು, ಯಾವ ನೆಲ ಅವರನ್ನು ಹೊತ್ತಿದೆ ಎಂಬುದನ್ನಲ್ಲ.

ಬೆಳವಣಿಗೆ ದರವನ್ನೂ ಇದರೊಳಗೆ ತುರುಕಬೇಡಿ. 2001ರಿಂದ 2011ರ ನಡುವೆ ಯಾದಗಿರಿ ಸುಮಾರು 23% ಬೆಳೆಯಿತು, ರಾಜ್ಯ 15.6%. ಅದು ವೇಗ, ಧಾರಣ ಸಾಮರ್ಥ್ಯ ಮಿತಿ.

ಕಾಗುಣಿತದ ಮಾತೊಂದು ಉಳಿದಿದೆ. ‘ಧಾರಣ’, ‘ಧಾರಣಾ’ ಎರಡೂ ಸರಿ. ‘ಧಾರಣೆ ಸಾಮರ್ಥ್ಯ’ ಎಂದು ಬರೆದರೆ ಗಂಜಿನ ದರ ನೆನಪಾಗುತ್ತದೆ. ಮಹಾಪ್ರಾಣ ಬಿಟ್ಟು ‘ದಾರಣ’ ಎಂದು ಬ್ಯಾನರಿಗೆ ಕೊಡುವವರು ಮಾತ್ರ ಒಮ್ಮೆ ನಿಘಂಟು ತೆರೆಯಲಿ: ದಾರಣ ಎಂದರೆ ಸೀಳುವುದು.