ತಿರುವಿನಲ್ಲಿ ‘ಲೂಸ್’: ಯಾವ ತುದಿ, ಯಾವ ಜಾಗ?

ಮಣ್ಣಿನ ಟ್ರ್ಯಾಕಿನ ರೇಸ್ ವಿಡಿಯೊ ಹಂಚಿಕೊಂಡು ‘ಗಾಡಿ ಎಷ್ಟು ಲೂಸ್ ಇದೆ ನೋಡ್ರೀ’ ಅಂತ ಬರೆಯುವವರು ಈಗ ಜಾಸ್ತಿಯಾಗಿದ್ದಾರೆ. ಹಿಂಬದಿ ಸ್ವಲ್ಪ ಆಚೆ ಸರಿದರೆ ಲೂಸ್. ಧೂಳೆದ್ದರೆ ಲೂಸ್. ಗಾಡಿ ಗಿರಕಿ ಹೊಡೆದರಂತೂ ಕೇಳೋದೇ ಬೇಡ. ಮೊನ್ನೆ ದಾವಣಗೆರೆಯ ಪಿ.ಬಿ. ರಸ್ತೆಯ ಗ್ಯಾರೇಜೊಂದರಲ್ಲಿ ಆಟೊಕ್ರಾಸ್ ಅನ್ನುವ ಮಣ್ಣಿನ ರೇಸಿಗೆ ಗಾಡಿ ತಯಾರು ಮಾಡುತ್ತಿದ್ದ ಹುಡುಗ ‘ಅಣ್ಣಾ, ತಿರುವಿಗೆ ಹಾಕಿದ್ರೆ ಲೂಸ್ ಆಗ್ತೈತಿ’ ಅಂದ. ಮೇಸ್ತ್ರಿ ಜಾಕ್ ಕೊಟ್ಟರು, ಚಕ್ರ ಹಿಡಿದು ಅಲ್ಲಾಡಿಸಿದರು, ಬಾಲ್ ಜಾಯಿಂಟ್ ನೋಡಿದರು. ‘ಎಲ್ಲಾ ಟೈಟ್ ಐತಲ್ಲೋ’ ಅಂದರು. ಇಬ್ಬರ ಮಾತೂ ನಿಜವೇ. ಆದರೆ ಗಾಡಿ ಬಂದ ಹಾಗೇ ವಾಪಸ್ ಹೋಯಿತು.

ನಮ್ಮ ಮಾತಿನಲ್ಲಿ ಲೂಸ್ ಬೇಕಾದಷ್ಟು ಕೆಲಸ ಮಾಡುತ್ತದೆ. ನಟ್ಟು ಲೂಸ್, ಅಂಗಡಿಯಲ್ಲಿ ಅಳೆದು ಕೊಡುವ ಎಣ್ಣೆ ಲೂಸ್, ತಲೆ ನೆಟ್ಟಗಿಲ್ಲದವನೂ ಲೂಸ್. ಟೈಟ್ ಅಂದರೆ ಬಿಗಿ, ಇಲ್ಲವೇ ಕುಡಿದವನು. ರೇಸಿನ ಅರ್ಥ ಇವು ಯಾವುದರಿಂದಲೂ ಬಂದದ್ದಲ್ಲ. ಅದು ಅಮೆರಿಕದ ಓವಲ್ ಟ್ರ್ಯಾಕುಗಳ, ಅಂದರೆ ಗಾಡಿಗಳು ಎಡಕ್ಕೇ ತಿರುಗುತ್ತಾ ಸುತ್ತುವ ಮೊಟ್ಟೆಯಾಕಾರದ ಟ್ರ್ಯಾಕುಗಳ ಮಾತು. ಅಲ್ಲಿ ಲೂಸ್ ಆಗುವುದು ಗಾಡಿಯ ಭಾಗವಲ್ಲ, ನೆಲದ ಮೇಲೆ ಹಿಂದಿನ ಚಕ್ರಗಳಿಗಿರುವ ಹಿಡಿತ. ಮುಂದಿನ ಚಕ್ರಗಳು ಮೊದಲು ಹಿಡಿತ ಬಿಟ್ಟು, ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೇರ ಹೋದರೆ ಅದು ಟೈಟ್. ಪುಶ್ ಅಂತಲೂ ಹೇಳುತ್ತಾರೆ. ಇಂಜಿನಿಯರುಗಳ ಬಾಯಲ್ಲಿ ಲೂಸ್ ಅಂದರೆ ಓವರ್‌ಸ್ಟಿಯರ್, ಟೈಟ್ ಅಂದರೆ ಅಂಡರ್‌ಸ್ಟಿಯರ್. 1930ರ ದಶಕದಲ್ಲಿ ಜನರಲ್ ಮೋಟರ್ಸ್‌ನಲ್ಲಿದ್ದ ಮಾರಿಸ್ ಆಲಿ ಅವರ ಕೆಲಸದಿಂದ ಆ ಪದಗಳು ನೆಲೆಯೂರಿದವು. ಲೂಸ್, ಟೈಟ್ ಮಾತ್ರ ಸೀಟಿನಲ್ಲಿ ಕೂತವನ ಪದಗಳು. ಅವನ ಬೆನ್ನಿಗೆ ಏನು ಗೊತ್ತಾಯಿತೋ ಅದನ್ನು ಹೇಳುತ್ತವೆ.

ಇಷ್ಟು ತಿಳಿದವರೂ ಅರ್ಧಕ್ಕೇ ನಿಲ್ಲುತ್ತಾರೆ. ಲೂಸ್ ಅಂದರೆ ಸಾಲದು, ಎಲ್ಲಿ ಲೂಸ್ ಅಂತ ಹೇಳಲೇಬೇಕು. ತಿರುವಿಗೆ ನುಗ್ಗುವಾಗಲಾ, ನಡುವೆಯಾ, ರೇಸ್ ಕೊಟ್ಟು ಹೊರಗೆ ಬರುವಾಗಲಾ? ಮೂರಕ್ಕೂ ಕಾರಣ ಬೇರೆ, ಮದ್ದು ಬೇರೆ. ನುಗ್ಗುವಾಗ ಡ್ರೈವರ್ ರೇಸ್ ಬಿಡುತ್ತಾನೆ, ಬ್ರೇಕ್ ಮುಟ್ಟುತ್ತಾನೆ. ಭಾರ ಮುಂದಕ್ಕೆ ಹೋಗುತ್ತದೆ, ಹಿಂಬದಿ ಹಗುರಾಗುತ್ತದೆ. ಹಗುರಾದ ಟೈರಿನ ಹಿಡಿತ ಕಮ್ಮಿ. ಅದೇ ಹೊತ್ತಿಗೆ ಸ್ಟೇರಿಂಗ್ ತಿರುಗಿಸಿದರೆ ಹಿಂಬದಿ ಮುಂಬದಿಯನ್ನು ದಾಟಲು ಹೊರಡುತ್ತದೆ. ಎಂಟ್ರಿಯಲ್ಲಿ ಲೂಸ್ ಅಂದರೆ ಇದು. ಹೊರಗೆ ಬರುವಾಗಿನ ಲೂಸ್ ಬೇರೆ: ಅಲ್ಲಿ ಇಂಜಿನ್ನಿನ ಬಲವೇ ಹಿಂದಿನ ಚಕ್ರವನ್ನು ಸುಮ್ನೆ ಸುತ್ತಿಸಿಬಿಡುತ್ತದೆ.

ಜಾರಿದ್ದೆಲ್ಲಾ ಲೂಸ್ ಅಲ್ಲ, ಇದನ್ನೂ ಹೇಳಲೇಬೇಕು. ಒಹಾಯೊದ ಎಲ್ಡೋರಾ 1954ರಲ್ಲಿ ಶುರುವಾದ ಅರ್ಧ ಮೈಲಿಯ ಜೇಡಿಮಣ್ಣಿನ ಟ್ರ್ಯಾಕು. ಅಲ್ಲಿ ಒಳ್ಳೆಯ ಗಾಡಿಗಳು ಹಿಂಬದಿ ಹೊರಗಿಟ್ಟುಕೊಂಡೇ ತಿರುಗುತ್ತವೆ. ಡ್ರೈವರ್ ಕೇಳಿದಷ್ಟು ಜಾರಿ, ಅಲ್ಲೇ ನಿಂತರೆ ಗಾಡಿ ಸರಿಯಾಗಿದೆ. ಕೇಳಿದ್ದಕ್ಕಿಂತ ಜಾಸ್ತಿ ಜಾರುತ್ತಲೇ ಹೋದರೆ ಮಾತ್ರ ಲೂಸ್. ಮಣ್ಣಿನದೂ ಪಾಲಿದೆ. ನಮ್ಮ ಎರೆ ಹಸಿಯಿದ್ದಾಗ ಟೈರಿಗೆ ಮೆತ್ತಿಕೊಳ್ಳುವುದನ್ನೂ, ಹೊಳಲ್ಕೆರೆ ಕಡೆಯ ಕೆಮ್ಮಣ್ಣು ಒಣಗಿ ಮೇಲೆ ಸಣ್ಣ ಕಲ್ಲು ತೇಲಿದಾಗ ಚಕ್ರ ಹೇಗೆ ಓಡುತ್ತದೆ ಅನ್ನುವುದನ್ನೂ ಇಲ್ಲಿಯವರಿಗೆ ಹೇಳಬೇಕಿಲ್ಲ. ಬೆಳಗ್ಗೆ ಹದವಾಗಿದ್ದ ಗಾಡಿ, ಟ್ರ್ಯಾಕ್ ಒಣಗಿ ನುಣುಪಾದ ಮೇಲೆ ಏನೂ ಬದಲಾಯಿಸದೆಯೇ ಲೂಸ್ ಆಗಬಹುದು.

ಈಗ ನನಗೆ ನಿಜವಾಗಿ ಬೇಜಾರು ತರಿಸುವ ಗೊಂದಲಕ್ಕೆ ಬರುತ್ತೇನೆ. ಲೂಸ್ ಅಂತ ದೂರು ಬಂದ ಗಾಡಿ ಎಷ್ಟೋ ಸಲ ಟೈಟ್ ಆಗಿರುತ್ತದೆ. ತಿರುವಿಗೆ ಹಾಕಿದಾಗ ಮುಂಬದಿ ತಿರುಗುವುದಿಲ್ಲ. ಡ್ರೈವರ್ ಸ್ಟೇರಿಂಗನ್ನು ಇನ್ನಷ್ಟು ಒಳಕ್ಕೆ ಎಳೆಯುತ್ತಾನೆ. ಆಗಲೂ ತಿರುಗುವುದಿಲ್ಲ. ಇನ್ನಷ್ಟು ಎಳೆಯುತ್ತಾನೆ, ವೇಗ ಇಳಿಯುತ್ತದೆ, ಮುಂದಿನ ಟೈರಿಗೆ ಒಮ್ಮೆಲೇ ನೆಲ ಸಿಗುತ್ತದೆ. ಅಷ್ಟೊತ್ತಿಗೆ ಚಕ್ರ ವಿಪರೀತ ತಿರುಗಿ ನಿಂತಿರುತ್ತದೆ. ಮೂತಿ ಪಟ್ ಅಂತ ಒಳಗೆ ನುಗ್ಗುತ್ತದೆ, ಹಿಂಬದಿ ಬೀಸಿಕೊಂಡು ಹೋಗುತ್ತದೆ. ಡ್ರೈವರಿಗೆ ನೆನಪಿರುವುದು ಕೊನೆಯದು ಮಾತ್ರ. ಇಳಿದು ಬಂದು ‘ಲೂಸ್’ ಅನ್ನುತ್ತಾನೆ. ಅವನ ಮಾತು ನಂಬಿ ಹಿಂಬದಿಗೆ ಹಿಡಿತ ಹೆಚ್ಚಿಸಿದರೆ ಗಾಡಿ ಇನ್ನೂ ಟೈಟ್ ಆಗುತ್ತದೆ, ಅವನು ಇನ್ನೂ ಜೋರಾಗಿ ಎಳೆಯುತ್ತಾನೆ, ಮುಂದಿನ ಸುತ್ತಿನಲ್ಲಿ ಇನ್ನೂ ಜೋರಾಗಿ ಬೀಸುತ್ತದೆ. ‘ಇಷ್ಟು ಮಾಡಿದರೂ ಲೂಸ್ ಹೋಗಲಿಲ್ಲ’ ಅಂತ ತಲೆ ಕೆಡಿಸಿಕೊಳ್ಳುವವರು ಸಿಕ್ಕಿಕೊಂಡಿರುವುದು ಇಲ್ಲೇ.

ಇದನ್ನು ಪತ್ತೆ ಮಾಡಲು ಯಂತ್ರ ಬೇಡ, ಫೋನಿನ ವಿಡಿಯೊ ಸಾಕು. ನಿಧಾನವಾಗಿ ಓಡಿಸಿ, ಹಿಂಬದಿ ಬಿಟ್ಟು ಮುಂದಿನ ಚಕ್ರ ನೋಡಿ. ಎಡ ತಿರುವು ಅಂದುಕೊಳ್ಳಿ. ಗಾಡಿ ಬೀಸುವ ಮೊದಲೇ ಚಕ್ರ ಎಡಕ್ಕೆ ಪೂರಾ ತಿರುಗಿ, ಗಾಡಿ ಮಾತ್ರ ನೇರ ಹೋಗುತ್ತಿದ್ದರೆ ಕಾಯಿಲೆ ಟೈಟ್. ರೇಸ್ ಬಿಟ್ಟ ಕೂಡಲೇ ಹಿಂಬದಿ ಹೊರಟು, ಚಕ್ರ ಸರಕ್ಕನೆ ಬಲಕ್ಕೆ ಬಂದರೆ ಅದು ನಿಜವಾದ ಲೂಸ್. ನೋಡಬೇಕಾದದ್ದು ಯಾವುದು ಮೊದಲು ಆಯಿತು ಅನ್ನುವುದನ್ನು.

ನಿಜವಾದ ಲೂಸ್ ಆದರೆ ಮೊದಲು ಬ್ರೇಕ್. ಹಿಂದಿನ ಚಕ್ರಕ್ಕೆ ಬ್ರೇಕ್ ಜಾಸ್ತಿ ಹೋಗುತ್ತಿದ್ದರೆ ಹಗುರಾದ ಟೈರು ಅದನ್ನು ತಡೆಯಲಾರದು. ರೇಸ್ ಗಾಡಿಯಲ್ಲಿ ಇದನ್ನು ಹೆಚ್ಚುಕಮ್ಮಿ ಮಾಡುವ ತಿರುಪು ಡ್ರೈವರಿನ ಕೈಗೇ ಸಿಗುವಂತಿರುತ್ತದೆ. ಸ್ವಲ್ಪ ಮುಂದಕ್ಕೆ ಕೊಟ್ಟು ನೋಡಬೇಕು. ಆಮೇಲೆ ಸ್ಟ್ಯಾಗರ್, ಅಂದರೆ ಹಿಂದಿನ ಎರಡು ಟೈರುಗಳ ಸುತ್ತಳತೆಯ ವ್ಯತ್ಯಾಸ. ಓವಲ್ ಗಾಡಿಯ ಹಿಂದಿನ ಆಕ್ಸಲ್ ಲಾಕ್ ಆಗಿರುತ್ತದೆ, ಎರಡು ಚಕ್ರವೂ ಒಟ್ಟಿಗೇ ಸುತ್ತುತ್ತವೆ. ಅದಕ್ಕೇ ಬಲ ಹಿಂಬದಿಗೆ ದೊಡ್ಡ ಸುತ್ತಳತೆಯ ಟೈರ್ ಹಾಕುತ್ತಾರೆ. ಬಾಯಿ ಅಗಲವಿರುವ ಸ್ಟೀಲ್ ಲೋಟವನ್ನು ನೆಲದ ಮೇಲೆ ಉರುಳಿಸಿದರೆ ಅದು ತಾನಾಗಿ ಸುತ್ತು ತಿರುಗುತ್ತದಲ್ಲ, ಹಾಗೆ ಗಾಡಿ ಎಡಕ್ಕೆ ಹೊರಳುತ್ತದೆ. ಟೇಪಿನಲ್ಲಿ ಬಲ ಟೈರು 89 ಇಂಚು, ಎಡ ಟೈರು 86 ಇಂಚು ಬಂದರೆ ಸ್ಟ್ಯಾಗರ್ 3 ಇಂಚು. ಲೂಸ್ ಇದ್ದರೆ ಅದನ್ನು ಕಮ್ಮಿ ಮಾಡುತ್ತಾರೆ. ಗಾಳಿ ಬದಲಾಯಿಸಿದರೂ ಸುತ್ತಳತೆ ಬದಲಾಗುತ್ತದೆ. ಗಾಳಿ ಹಾಕಿದ ಮೇಲೆ ಮತ್ತೆ ಟೇಪ್ ಹಿಡಿಯದವರ ಲೆಕ್ಕ ಅಲ್ಲೇ ತಪ್ಪುತ್ತದೆ.

ಸ್ಪ್ರಿಂಗ್ ವಿಷಯದಲ್ಲಿ ನಮ್ಮ ಕಡೆ ಒಂದು ಹಟ ಇದೆ: ಗಟ್ಟಿ ಮಾಡಿದರೆ ಗಾಡಿ ನಿಲ್ಲುತ್ತದೆ ಅಂತ. ಲೋಡ್ ಹೊರುವ ಲಾರಿಗೆ ಒಂದು ಪ್ಲೇಟ್ ಜಾಸ್ತಿ ಹಾಕುವುದು ಸರಿ. ಎಂಟ್ರಿಯಲ್ಲಿ ಲೂಸ್ ಇರುವ ಗಾಡಿಯ ಹಿಂಬದಿ ಗಟ್ಟಿ ಮಾಡಿದರೆ, ತಿರುಗುವಾಗ ಒಳಗಿನ ಚಕ್ರದ ಭಾರ ಹೊರಗಿನ ಚಕ್ರಕ್ಕೆ ಇನ್ನೂ ಜಾಸ್ತಿ ಹೋಗಿ, ಎರಡೂ ಸೇರಿ ಕೊಡುವ ಹಿಡಿತ ಕಮ್ಮಿಯಾಗುತ್ತದೆ. ಅಂದರೆ ಇನ್ನೂ ಲೂಸ್. ಮೆತ್ತಗೆ ಮಾಡಬೇಕು. ಟೈಟ್ ಇದ್ದರೆ ಮುಂಬದಿಗೂ ಇದೇ ಮಾತು. ಶಾಕ್ ಅಬ್ಸಾರ್ಬರ್ ಭಾರ ಎಷ್ಟು ಬೇಗ ಸಾಗುತ್ತದೆ ಅನ್ನುವುದನ್ನು ಬದಲಾಯಿಸುತ್ತದೆ, ಎಷ್ಟು ಸಾಗುತ್ತದೆ ಅನ್ನುವುದನ್ನಲ್ಲ.

ಇಲ್ಲಿ ಆಟೊಕ್ರಾಸ್‌ಗೆ ಸ್ವಿಫ್ಟ್, ಪೋಲೊ ತರುವವರು ಸ್ಟ್ಯಾಗರ್ ಗೊಡವೆಗೆ ಹೋಗಬೇಡಿ. ಅವು ಮುಂದಿನ ಚಕ್ರದಿಂದ ಓಡುವ ಗಾಡಿಗಳು, ತಿರುವೂ ಎಡ ಬಲ ಎರಡೂ ಕಡೆ ಬರುತ್ತದೆ. ಅವುಗಳಲ್ಲಿ ಎಂಟ್ರಿಯ ಲೂಸ್ ಬಹಳ ಸಲ ಪೆಡಲಿನ ಮೇಲಿರುವ ಕಾಲಿನದು: ತಿರುವಿನೊಳಗೆ ಹೋದ ಮೇಲೆ ಹೆದರಿ ಒಮ್ಮೆಲೇ ರೇಸ್ ಬಿಟ್ಟರೆ ಹಿಂಬದಿ ಹಗುರಾಗಿ ಬೀಸುತ್ತದೆ. ಬ್ರೇಕನ್ನು ನೇರದಲ್ಲೇ ಮುಗಿಸಿ, ತಿರುವಿನಲ್ಲಿ ಸ್ವಲ್ಪ ರೇಸ್ ಹಿಡಿದುಕೊಂಡು ಹೋಗಿ ನೋಡಿ. ಆಮೇಲೂ ಬೀಸಿದರೆ ಹಿಂದಿನ ಸ್ಪ್ರಿಂಗಿಗೆ ಕೈ ಹಾಕಿ.